ಖಾಸಗಿ ಹೈಸ್ಕೂಲಿನಲ್ಲಿ ಲ್ಯಾಕ್ರೋಸ್ ತಂಡ ಕಟ್ಟುವವರಿಗೆ ಒಂದು ಮಾರ್ಗದರ್ಶಿ

2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಐದು ಆಟಗಳನ್ನು ಸೇರಿಸಿತು. ನಮ್ಮವರೆಲ್ಲ ಕ್ರಿಕೆಟ್ ಬಂತು ಅಂತ ಖುಷಿಪಟ್ಟರು. ಅದೇ ಪಟ್ಟಿಯಲ್ಲಿ ಲ್ಯಾಕ್ರೋಸ್ ಕೂಡ ಇತ್ತು. ಒಲಿಂಪಿಕ್ಸ್‌ನಲ್ಲಿ ಪದಕಕ್ಕಾಗಿ ಈ ಆಟ ಆಡಿದ್ದು 1904 ಮತ್ತು 1908ರಲ್ಲಿ ಮಾತ್ರ. ಈಗ ಆರು ಜನರ ಚಿಕ್ಕ ರೂಪದಲ್ಲಿ ಮತ್ತೆ ಬರುತ್ತಿದೆ.

ಅಮೆರಿಕದಲ್ಲಿ ಮಕ್ಕಳನ್ನು ಖಾಸಗಿ ಹೈಸ್ಕೂಲಿಗೆ ಕಳಿಸುವ ಕನ್ನಡದ ಅಪ್ಪ ಅಮ್ಮಂದಿರಿಗೆ ಈ ಆಟ ಟಿವಿಯಲ್ಲಿ ನೋಡುವ ವಿಷಯವಷ್ಟೇ ಅಲ್ಲ. ಶಾಲೆ ಹೊಸ ತಂಡ ಶುರು ಮಾಡುತ್ತದೆ, ಇಲ್ಲವೇ ಸೋತು ಸುಣ್ಣವಾದ ತಂಡವನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಡುತ್ತದೆ. ಪೋಷಕರ ಸಮಿತಿಗೆ ಬನ್ನಿ, ದುಡ್ಡು ಸೇರಿಸಿ, ವೇಳಾಪಟ್ಟಿ ನೋಡಿ ಅಂತ ಕೇಳುತ್ತದೆ. ಆಟವನ್ನೇ ನೋಡದವರು ಅಲ್ಲಿ ಏನು ಹೇಳಬೇಕು? ಈ ಬರಹ ಅವರಿಗೆ. ಶಾಲೆಯಲ್ಲಿ ಕೋಚ್ ಆಗಿರುವ, ಟೀಚರ್ ಆಗಿರುವ ಕನ್ನಡಿಗರಿಗೂ ಉಪಯೋಗವಾಗಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಖಾಸಗಿ ಶಾಲೆಯ ತಂಡ ಸೋಲುವುದು ಹನ್ನೆರಡನೇ ಕ್ಲಾಸಿನಲ್ಲಿ ಒಬ್ಬ ಸ್ಟಾರ್ ಇಲ್ಲ ಅಂತಲ್ಲ. ಏಳನೇ ಕ್ಲಾಸಿನಲ್ಲಿ ಕೋಲು ಹಿಡಿದ ಮಕ್ಕಳು ಸಾಕಷ್ಟಿಲ್ಲ ಅಂತ. ಹಣ, ಸಮಯ, ಒಳ್ಳೆಯ ಕೋಚ್, ಎಲ್ಲವೂ ಮೊದಲು ಕೆಳಗೆ ಹೋಗಬೇಕು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಹುಡುಗರ ಆಟದಲ್ಲಿ ಒಂದು ಕಡೆಗೆ ಹತ್ತು ಜನ: ಒಬ್ಬ ಗೋಲಿ (ಗೋಲು ಕಾಯುವವನು), ಮೂವರು ಡಿಫೆನ್ಸ್, ಮೂವರು ಮಿಡ್‌ಫೀಲ್ಡ್, ಮೂವರು ಅಟ್ಯಾಕ್. ಮೈದಾನ 110 ಗಜ ಉದ್ದ, 60 ಗಜ ಅಗಲ. ಗೋಲು ಆರಡಿ ಎತ್ತರ, ಆರಡಿ ಅಗಲ. ಕೋಲಿನ ತುದಿಯ ಬಲೆಯಲ್ಲಿ ಚೆಂಡು ಹಿಡಿದು, ಓಡಿ, ಎಸೆದು ಗೋಲು ಹೊಡೆಯಬೇಕು. ಚೆಂಡು ಗಟ್ಟಿ ರಬ್ಬರಿನದು, ತೂಕ 140ರಿಂದ 150 ಗ್ರಾಂ. ಹನ್ನೆರಡು ನಿಮಿಷದ ನಾಲ್ಕು ಕ್ವಾರ್ಟರ್. ಹುಡುಗರ ಆಟದಲ್ಲಿ ಮೈಗೆ ಮೈ ಗುದ್ದುವುದುಂಟು. ಹುಡುಗಿಯರ ಆಟದಲ್ಲಿ ಹನ್ನೆರಡು ಜನ, ನಿಯಮಗಳೇ ಬೇರೆ, ಮೈ ಗುದ್ದುವ ಹಾಗಿಲ್ಲ. ನಾನು ಇಲ್ಲಿ ಹುಡುಗರ ತಂಡವನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಜನ ಸೇರಿಸುವ, ಪಂದ್ಯ ಗೊತ್ತುಮಾಡುವ ಮಾತು ಇಬ್ಬರಿಗೂ ಸಲ್ಲುತ್ತದೆ.

ಹೆಜ್ಜೆ 1: ಮೊದಲು ತಲೆ ಎಣಿಸಿ

ಒಂದು ಲೆಕ್ಕ ಹಾಕೋಣ. ಮೈದಾನದಲ್ಲಿ ಹತ್ತು ಜನ ಅಂದ ಮಾತ್ರಕ್ಕೆ ಹದಿನೈದು ಹುಡುಗರಿದ್ದರೆ ಸಾಕು ಅಂತ ಅನಿಸುತ್ತದೆ. ಸಾಲುವುದಿಲ್ಲ. ಮಿಡ್‌ಫೀಲ್ಡಿನವರು ಪೂರ್ತಿ ಮೈದಾನ ಓಡುತ್ತಾರೆ, ಒಂದೆರಡು ನಿಮಿಷಕ್ಕೆ ಉಸಿರು ಬಿಡುತ್ತಾರೆ. ಅದಕ್ಕೇ ಮೂರು ಮೂರು ಜನರ ಕನಿಷ್ಠ ಎರಡು ಗುಂಪು ಬೇಕು, ಮೂರಿದ್ದರೆ ಒಳ್ಳೆಯದು. ಫೇಸ್‌ಆಫ್‌ಗೆ, ಅಂದರೆ ಆಟ ಶುರುವಾಗುವಾಗ ನಡುವಿನಲ್ಲಿ ಚೆಂಡಿಗೆ ಸೆಣಸಲು, ಒಬ್ಬ ಬೇರೆ. ಇಬ್ಬರು ಗೋಲಿ. ಗಾಯ, ಜ್ವರ, ಪರೀಕ್ಷೆ ಎಲ್ಲ ಸೇರಿಸಿದರೆ ವಾರ್ಸಿಟಿ ತಂಡಕ್ಕೇ, ಅಂದರೆ ಶಾಲೆಯ ಮುಖ್ಯ ತಂಡಕ್ಕೇ, 22ರಿಂದ 25 ಹುಡುಗರು ಬೇಕು. ಅದರ ಕೆಳಗಿನ ಜೆವಿ (ಜೂನಿಯರ್ ವಾರ್ಸಿಟಿ) ತಂಡಕ್ಕೆ ಇನ್ನೊಂದು 18.

ಈಗ 300 ಮಕ್ಕಳ ಶಾಲೆ ತೆಗೆದುಕೊಳ್ಳಿ. ಅರ್ಧ ಹುಡುಗರು, ಅಂದರೆ 150. ನಮಗೆ ಬೇಕಾದ್ದು 43. ನಾಲ್ಕು ಹುಡುಗರಲ್ಲಿ ಒಬ್ಬನಿಗಿಂತ ಜಾಸ್ತಿ! ಅದೇ ವಸಂತ ಕಾಲದಲ್ಲಿ ಬೇಸ್‌ಬಾಲ್, ಟ್ರ್ಯಾಕ್, ಟೆನಿಸ್, ಗಾಲ್ಫ್ ಎಲ್ಲವೂ ನಡೆಯುತ್ತವೆ. ಎರಡು ಸಾವಿರ ಮಕ್ಕಳಿರುವ ಸರ್ಕಾರಿ ಹೈಸ್ಕೂಲಿಗೆ ಈ ತಲೆನೋವೇ ಇಲ್ಲ.

ಹಾಗಾಗಿ ಮೊದಲ ಕೆಲಸ, ಶಾಲೆಯ ಬೇರೆ ಕೋಚ್‌ಗಳ ಹತ್ತಿರ ಹೋಗಿ ಮಾತಾಡುವುದು. ಫುಟ್‌ಬಾಲ್, ಸಾಕರ್, ಬ್ಯಾಸ್ಕೆಟ್‌ಬಾಲ್, ಕುಸ್ತಿ, ಐಸ್ ಹಾಕಿ ಆಡುವ ಹುಡುಗರಲ್ಲಿ ವಸಂತಕ್ಕೆ ಬೇರೆ ಆಟ ಇಲ್ಲದವರನ್ನು ಕೇಳಿ. ಅವರ ಸೀಸನ್ನಿಗೆ ಕೈ ಹಾಕುವುದಿಲ್ಲ ಅಂತ ಆ ಕೋಚ್‌ಗಳಿಗೆ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ವರ್ಷವಿಡೀ ಲ್ಯಾಕ್ರೋಸ್ ಒಂದನ್ನೇ ಆಡು ಅಂತ ಚಿಕ್ಕ ಶಾಲೆಯಲ್ಲಿ ಹಠ ಹಿಡಿದರೆ ಎಲ್ಲ ತಂಡಗಳೂ ಹಾಳಾಗುತ್ತವೆ. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಹೆಸರು ಜಿಮ್ ಬ್ರೌನ್ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಲ್ಯಾಕ್ರೋಸನ್ನೂ ಅಷ್ಟೇ ಜೋರಾಗಿ ಆಡಿದವರು. ಒಂದು ಆಟ ಇನ್ನೊಂದಕ್ಕೆ ಅಡ್ಡಿಯಲ್ಲ ಅಂತ ಹುಡುಗರಿಗೂ ಕೋಚ್‌ಗಳಿಗೂ ಹೇಳಲು ಅವರ ಉದಾಹರಣೆ ಸಾಕು.

ಯಾವ ತಂಡದಲ್ಲೂ ಇಲ್ಲದ ಮಕ್ಕಳನ್ನೂ ಮರೆಯಬೇಡಿ. ನಮ್ಮ ಕಡೆಯ ಎಷ್ಟೋ ಹುಡುಗರು ವಾರಾಂತ್ಯದಲ್ಲಿ ಕ್ರಿಕೆಟ್ ಆಡುತ್ತಾರೆ, ಶಾಲೆಯ ಯಾವ ತಂಡಕ್ಕೂ ಹೆಸರು ಕೊಟ್ಟಿರುವುದಿಲ್ಲ. ಬರುವ ಚೆಂಡಿನ ಮೇಲೆ ಕಣ್ಣಿಡುವುದು, ಕ್ಯಾಚಿಗೆ ಕೈ ಮೆತ್ತಗೆ ಮಾಡಿ ಹಿಂದಕ್ಕೆ ಎಳೆದುಕೊಳ್ಳುವುದು ಅವರಿಗೆ ಆಗಲೇ ಬಂದಿರುತ್ತದೆ. ಕೋಲಿನಲ್ಲಿ ಚೆಂಡು ಹಿಡಿಯಲು ಬೇಕಾದ್ದೂ ಅದೇ ಗುಣ.

ಹೆಜ್ಜೆ 2: ಏಳನೇ ಕ್ಲಾಸಿಗೆ ಇಳಿಯಿರಿ

ನ್ಯೂಯಾರ್ಕಿನ ಲಾಂಗ್ ಐಲೆಂಡ್, ಮೇರಿಲ್ಯಾಂಡಿನ ಬಾಲ್ಟಿಮೋರ್ ಸುತ್ತಮುತ್ತ ಈ ಆಟ ಬೇರೂರಿದೆ. ಲಾಂಗ್ ಐಲೆಂಡಿನ ಊರುಗಳಲ್ಲಿ ಮಕ್ಕಳು ಪ್ರೈಮರಿ ಶಾಲೆಯಲ್ಲೇ ಊರಿನ ಕ್ಲಬ್ಬಿಗೆ ಸೇರುತ್ತಾರೆ. ಅದೇ ಹುಡುಗರು ಒಟ್ಟಿಗೆ ಬೆಳೆದು ಅದೇ ಊರಿನ ಸರ್ಕಾರಿ ಹೈಸ್ಕೂಲಿಗೆ ಆಡುತ್ತಾರೆ. ಅಲ್ಲಿನ ಕೋಚ್‌ಗೆ ಒಂಬತ್ತನೇ ಕ್ಲಾಸಿಗೆ ಬರುವ ಹುಡುಗನ ಎಡಗೈ ಹೇಗಿದೆ ಅಂತ ಆಗಲೇ ಗೊತ್ತಿರುತ್ತದೆ.

ಖಾಸಗಿ ಶಾಲೆಗೆ ಊರೇ ಇಲ್ಲ. ಮಕ್ಕಳು ಹತ್ತಾರು ಊರುಗಳಿಂದ ಬಸ್ಸಿನಲ್ಲಿ, ಕಾರಿನಲ್ಲಿ ಬರುತ್ತಾರೆ. ಒಬ್ಬ ಆರು ವರ್ಷದಿಂದ ಆಡಿದವನು, ಪಕ್ಕದವನು ಕೋಲನ್ನೇ ಮುಟ್ಟಿಲ್ಲ. ಈ ಅಂತರವೇ ತಂಡವನ್ನು ನುಂಗುವುದು.

ಶಾಲೆಯಲ್ಲೇ ಮಿಡಲ್ ಸ್ಕೂಲ್ ಇದ್ದರೆ ಅಲ್ಲಿ ತಂಡ ಮಾಡಿ. ಗೆಲ್ಲಲಿ ಬಿಡಲಿ, ಏಳು ಮತ್ತು ಎಂಟನೇ ಕ್ಲಾಸಿನ ಪ್ರತಿ ಹುಡುಗನೂ ಪ್ರತಿ ಪಂದ್ಯದಲ್ಲಿ ಆಡಬೇಕು. ಆ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತ ಹುಡುಗ ಮುಂದಿನ ವರ್ಷ ಬರುವುದಿಲ್ಲ.

ಮಿಡಲ್ ಸ್ಕೂಲ್ ಇಲ್ಲದಿದ್ದರೆ ಸುತ್ತಲಿನ ಮಕ್ಕಳ ಕ್ಲಬ್‌ಗಳ ಜೊತೆ ನಂಟು ಬೆಳೆಸಿ. ನಿಮ್ಮ ಮೈದಾನ ಅವರಿಗೆ ಕೊಡಿ. ನಿಮ್ಮ ಕೋಚ್ ಅವರ ಕೋಚ್‌ಗಳಿಗೆ ಒಂದು ಸಂಜೆ ಪಾಠ ಹೇಳಲಿ. ನಿಮ್ಮ ಹುಡುಗರು ಹೋಗಿ ಚಿಕ್ಕವರ ಪಂದ್ಯಕ್ಕೆ ಅಂಪೈರ್ ಆಗಲಿ. ಆದರೆ ಅಲ್ಲಿ ನಿಂತು ಮಕ್ಕಳನ್ನು ಸೆಳೆಯುವ ಕೆಲಸ ಮಾಡಬಾರದು. ಶಾಲೆಗೆ ಆಟಗಾರರನ್ನು ಕರೆತರುವ ಬಗ್ಗೆ ರಾಜ್ಯಗಳ ಕ್ರೀಡಾ ಸಂಘಗಳಿಗೂ ಲೀಗುಗಳಿಗೂ ಬಿಗಿ ನಿಯಮಗಳಿವೆ. ಆಟಕ್ಕಾಗಿ ಫೀಸು ಬಿಡುವುದನ್ನು ಬಹಳ ಕಡೆ ನಿಷೇಧಿಸಿದ್ದಾರೆ. ಕುಟುಂಬದ ಆದಾಯ ನೋಡಿ ಕೊಡುವ ನೆರವು ಬೇರೆ, ಅದನ್ನು ನಿರ್ಧರಿಸುವುದು ಶಾಲೆಯ ಅಡ್ಮಿಷನ್ ಮತ್ತು ನೆರವಿನ ಆಫೀಸು. ಕೋಚ್ ಬಾಯಿಂದ "ನಾನು ನೋಡಿಕೊಳ್ಳುತ್ತೇನೆ" ಅನ್ನುವ ಮಾತು ಬರಕೂಡದು. ನಿಮ್ಮ ರಾಜ್ಯದ, ನಿಮ್ಮ ಲೀಗಿನ ನಿಯಮ ಪುಸ್ತಕ ತರಿಸಿ, ಸಮಿತಿಯಲ್ಲಿ ಒಬ್ಬರಾದರೂ ಪೂರ್ತಿ ಓದಿ.

ಇಲ್ಲೇ ಬಹಳ ಜನ ಗಮನಿಸದ ಇನ್ನೊಂದು ವಿಷಯ ಇದೆ. ಲ್ಯಾಕ್ರೋಸ್ ಸೀಸನ್ ಶುರುವಾಗುವುದು ಫೆಬ್ರವರಿ, ಮಾರ್ಚಿನಲ್ಲಿ. ಸುಮಾರು ಖಾಸಗಿ ಶಾಲೆಗಳಲ್ಲಿ ಅರ್ಜಿಯ ಕೊನೇ ದಿನ ಅಷ್ಟೊತ್ತಿಗೆ ಮುಗಿದೇ ಹೋಗಿರುತ್ತದೆ. ಎಂಟನೇ ಕ್ಲಾಸಿನ ಹುಡುಗ ಏಪ್ರಿಲಿನಲ್ಲಿ ನಿಮ್ಮ ಪಂದ್ಯ ನೋಡಿ ಮನಸೋತರೂ ಉಪಯೋಗವಿಲ್ಲ. ಅವನ ಅಪ್ಪ ಅಮ್ಮ ಎಲ್ಲಿಗೆ ಅಂತ ತೀರ್ಮಾನ ಮಾಡಿ ಆಗಿದೆ. ಅದಕ್ಕೇ ಏಳನೇ ಕ್ಲಾಸಿನವರನ್ನು ವಸಂತದ ಪಂದ್ಯಕ್ಕೆ ಕರೆಯಿರಿ, ಎಂಟನೇ ಕ್ಲಾಸಿನವರಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದ ಒಂದು ಕಲಿಕೆಯ ದಿನ ಇಡಿ. ಅಡ್ಮಿಷನ್ ಆಫೀಸಿನವರನ್ನೂ ಕೋಚನ್ನೂ ಆಗಸ್ಟಿನಲ್ಲೇ ಒಂದು ಟೇಬಲ್ಲಿಗೆ ಕೂರಿಸಿ. ಈ ಒಂದು ಮೀಟಿಂಗ್ ತಪ್ಪಿದರೆ ಒಂದು ಇಡೀ ವರ್ಷದ ಮಕ್ಕಳು ಕೈ ತಪ್ಪುತ್ತಾರೆ.

ಹೆಜ್ಜೆ 3: ಶಾಲೆಯೊಳಗೇ ಇರುವ ಕೋಚ್ ಹುಡುಕಿ

ದೊಡ್ಡ ಕಾಲೇಜಿನಲ್ಲಿ ಆಡಿದ ಹೆಸರುವಾಸಿ ಕೋಚ್ ಸಿಕ್ಕರೆ ಶಾಲೆ ಕುಣಿಯುತ್ತದೆ. ಆದರೆ ಮೂರೂವರೆಗೆ ಬಂದು ಆರಕ್ಕೆ ಹೊರಟುಹೋಗುವ ಕೋಚ್‌ಗಿಂತ, ಬೆಳಿಗ್ಗೆ ಗಣಿತ ಪಾಠ ಮಾಡಿ ಮಧ್ಯಾಹ್ನ ಊಟದ ಹಾಲಿನಲ್ಲಿ ಹುಡುಗರ ಜೊತೆ ಕೂರುವ ಕೋಚ್ ನಾಲ್ಕು ಪಟ್ಟು ಬೆಲೆ ಬಾಳುತ್ತಾರೆ. ಯಾವ ಹುಡುಗ ಓದಿನಲ್ಲಿ ಜಾರುತ್ತಿದ್ದಾನೆ, ಯಾರ ಮನೆಯಲ್ಲಿ ಏನು ಕಷ್ಟ, ಕಾರಿಡಾರಿನಲ್ಲಿ ಎತ್ತರವಾಗಿ ಓಡಾಡುವ ಆ ಹೊಸ ಹುಡುಗ ಯಾರು, ಇದೆಲ್ಲ ಗೊತ್ತಾಗುವುದು ಒಳಗಿರುವವರಿಗೆ ಮಾತ್ರ.

ನನಗೆ ಹತ್ತಿರದಿಂದ ಗೊತ್ತಿರುವ ಒಂದು ಶಾಲೆ ಹೊರಗಿನಿಂದ ಹೆಸರಾಂತ ಕೋಚನ್ನು ಕರೆತಂದಿತು. ಅವರ ಜೊತೆ ಅವರ ಬೇಸಿಗೆ ಕ್ಲಬ್ಬಿನ ಹುಡುಗರೂ ಬಂದರು. ತಂಡ ಗೆದ್ದಿತು. ಅವರು ಬೇರೆ ಶಾಲೆಗೆ ಹೋದಾಗ ಆ ಹುಡುಗರೂ ಹೋದರು. ಅಷ್ಟರಲ್ಲಿ ಜಾಗ ಸಿಗದೆ ಬೇಸತ್ತ ಶಾಲೆಯ ಸ್ವಂತ ಮಕ್ಕಳು ಆಟ ಬಿಟ್ಟಿದ್ದರು. ಉಳಿದದ್ದು ಖಾಲಿ ಜೆವಿ.

ಕೋಚ್ ಸಂದರ್ಶನದಲ್ಲಿ ನೀವು ಕೇಳಲೇಬೇಕಾದ ಪ್ರಶ್ನೆ ಒಂದು: ಜೆವಿ ತಂಡವನ್ನು ಯಾರು ನೋಡಿಕೊಳ್ಳುತ್ತಾರೆ? "ಯಾರಾದರೂ ಸಿಗುತ್ತಾರೆ" ಅಂದರೆ ಮುಂದಿನ ಅರ್ಜಿ ತೆಗೆಯಿರಿ. ಕೈ ಹಿಡಿದು ಕಲಿಸುವ ತಾಳ್ಮೆ ಇರುವವರು ಕೆಳಗಿನ ತಂಡದಲ್ಲಿರಬೇಕು. ಸಹಾಯಕ ಕೋಚ್‌ಗಳಿಗೆ ದೇಶದ ಲ್ಯಾಕ್ರೋಸ್ ಸಂಸ್ಥೆಯಾದ ಯುಎಸ್‌ಎ ಲ್ಯಾಕ್ರೋಸ್ ನಡೆಸುವ ಕೋಚಿಂಗ್ ತರಬೇತಿ ಕೊಡಿಸಿ, ಹಿನ್ನೆಲೆ ತಪಾಸಣೆ ಮಾಡಿಸಿ. ಈ ಸಂಸ್ಥೆ 1998ರಲ್ಲಿ ಶುರುವಾಯಿತು, ಕೇಂದ್ರ ಮೇರಿಲ್ಯಾಂಡಿನ ಸ್ಪಾರ್ಕ್ಸ್‌ನಲ್ಲಿದೆ. ಆಟ ಆಡದ ಪೋಷಕರೂ ಈ ತರಬೇತಿ ತೆಗೆದುಕೊಂಡು ಚಿಕ್ಕವರಿಗೆ ಕಲಿಸಲು ಕೈ ಜೋಡಿಸಬಹುದು.

ಹೆಜ್ಜೆ 4: ಸಾಮಾನು ಮತ್ತು ಸುರಕ್ಷತೆ

ಇದರಲ್ಲಿ ರಾಜಿ ಬೇಡ. ಹುಡುಗರಿಗೆ ಹೆಲ್ಮೆಟ್, ಭುಜದ ಪ್ಯಾಡ್, ತೋಳಿನ ಪ್ಯಾಡ್, ಗ್ಲೌಸ್, ಬಾಯಿಗೆ ಮೌತ್‌ಗಾರ್ಡ್ ಬೇಕು. ಗಟ್ಟಿ ಚೆಂಡು ಎದೆಗೆ ಸರಿಯಾಗಿ ಕೆಟ್ಟ ಕ್ಷಣದಲ್ಲಿ ಬಡಿದರೆ ಆರೋಗ್ಯವಂತ ಹುಡುಗನ ಹೃದಯವೂ ನಿಂತುಬಿಡಬಹುದು. ಬಹಳ ಅಪರೂಪ, ಆದರೆ ಆಗಿದೆ. ಅದಕ್ಕೇ ಹೈಸ್ಕೂಲ್ ನಿಯಮದಲ್ಲಿ ಗೋಲಿಗಳಿಗೆ 2021ರಿಂದ, ಉಳಿದ ಹುಡುಗರಿಗೆ 2022ರಿಂದ ಹೊಸ ಮಾನದಂಡದ ಎದೆಗಾಪು ಕಡ್ಡಾಯವಾಯಿತು. ಪ್ಯಾಡಿನ ಮೇಲೆ ಆ ಮಾನದಂಡ ರೂಪಿಸಿದ ನೋಕ್ಸೇ ಸಂಸ್ಥೆಯ ಮುದ್ರೆ ಇದೆಯಾ ನೋಡಿ. ಅಣ್ಣನ ಹಳೇ ಪ್ಯಾಡನ್ನು ತಮ್ಮನಿಗೆ ಹಾಕಿ ಕಳಿಸುವವರು ಇದ್ದಾರೆ. ಹೆಲ್ಮೆಟ್ಟಿನ ಬಣ್ಣ ಆಮೇಲೆ ನೋಡಿಕೊಳ್ಳಿ, ಎದೆ ಪ್ಯಾಡಿನ ಮುದ್ರೆ ಮೊದಲು ನೋಡಿ.

ಮೈದಾನದ ಪಕ್ಕದಲ್ಲೇ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇರಲಿ. ಬೀಗ ಹಾಕಿದ ಜಿಮ್ಮಿನೊಳಗೆ ಇದ್ದರೆ ಇಲ್ಲದ ಹಾಗೇ. ಪ್ರತಿ ಪಂದ್ಯಕ್ಕೂ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಇರಬೇಕು. ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು, ಆ ಗೇಟಿನ ಕೀ ಯಾರ ಹತ್ತಿರ, ಇದನ್ನು ಸೀಸನ್ ಶುರುವಾಗುವ ಮುಂಚೆ ಒಂದು ಸಲ ಎಲ್ಲರೂ ನಡೆದು ನೋಡಿ. ತಲೆಗೆ ಪೆಟ್ಟು ಬಿದ್ದ ಹುಡುಗ ಮತ್ತೆ ಯಾವಾಗ ಆಡಬಹುದು ಅಂತ ಹೇಳುವವರು ವೈದ್ಯಕೀಯ ತರಬೇತಿ ಪಡೆದವರು. ಕೋಚ್ ಹೇಳುವುದಲ್ಲ, ಅಪ್ಪನೂ ಹೇಳುವುದಲ್ಲ.

ಖರ್ಚಿನ ಮಾತು. ಒಬ್ಬ ಹುಡುಗನ ಪೂರ್ತಿ ಸೆಟ್ಟಿಗೆ ನೂರಾರು ಡಾಲರ್ ಆಗುತ್ತದೆ. ಬೇಸಿಗೆ ಕ್ಲಬ್ ಸೇರಿಕೊಂಡರೆ ವರ್ಷಕ್ಕೆ ಸಾವಿರಗಳಿಗೆ ಹೋಗುತ್ತದೆ. ಫೀಸಿನ ನೆರವಿನಲ್ಲಿ ಓದುವ ಹುಡುಗ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. "ನನಗೆ ಲ್ಯಾಕ್ರೋಸ್ ಇಷ್ಟ ಇಲ್ಲ" ಅಂತ ಹೇಳಿ ಸುಮ್ನೆ ದೂರ ಹೋಗುತ್ತಾನೆ. ಹಾಗಾಗಿ ಕೇಳುವ ಮೊದಲೇ ಕೊಡುವ ಏರ್ಪಾಡು ಮಾಡಿ. ಹೆಲ್ಮೆಟ್ ಶಾಲೆಯದೇ ಆಗಿರಲಿ, ಎಲ್ಲರಿಗೂ ಒಂದೇ ಕೋಣೆಯಿಂದ, ಒಂದೇ ದಿನ ಹಂಚಿ. ಬೆಳೆದ ಮಕ್ಕಳ ಕೋಲು, ಗ್ಲೌಸ್, ಶೂ ವಾಪಸ್ ತರಿಸಿಕೊಳ್ಳುವ ಪೆಟ್ಟಿಗೆ ಇಡಿ. ತಂಡಗಳಿಗೆ ಸಾಮಾನಿನ ನೆರವು ಕೊಡುವ ಯೋಜನೆ ಯುಎಸ್‌ಎ ಲ್ಯಾಕ್ರೋಸ್‌ನಲ್ಲಿ ಇದೆಯಾ ಅಂತ ವಿಚಾರಿಸಿ. ನಿಮ್ಮ ಶಾಲೆಗೆ ಅದು ಹೊಂದದಿದ್ದರೂ ನಿಮ್ಮ ಜೊತೆ ನಂಟಿರುವ ಊರಿನ ಕ್ಲಬ್ಬಿಗೆ ಹೊಂದಬಹುದು, ಅರ್ಜಿ ಬರೆಯಲು ಅವರಿಗೆ ಸಹಾಯ ಮಾಡಿ.

ಹೆಜ್ಜೆ 5: ಗೋಡೆ, ನೆಲದ ಚೆಂಡು, ಕ್ಲಿಯರ್

ಹೊಸ ತಂಡ 18-2ರಲ್ಲಿ ಸೋತಾಗ ಪೋಷಕರು "ಅವರ ಶೂಟರ್‌ಗಳು ಭಾರಿ ಇದ್ದಾರೆ" ಅನ್ನುತ್ತಾರೆ. ಮುಂದಿನ ಪಂದ್ಯದಲ್ಲಿ ಸ್ಕೋರ್ ಬಿಟ್ಟು ಒಂದೇ ಒಂದು ವಿಷಯ ಗಮನಿಸಿ.

ನಮ್ಮ ಗೋಲಿ ಚೆಂಡು ತಡೆಯುತ್ತಾನೆ. ಚಪ್ಪಾಳೆ. ಉದ್ದ ಕೋಲಿನ ಡಿಫೆಂಡರ್ ಪಕ್ಕಕ್ಕೆ ಓಡಿ ಅವನಿಂದ ಚೆಂಡು ತೆಗೆದುಕೊಳ್ಳುತ್ತಾನೆ. ಈಗ 20 ಸೆಕೆಂಡಿನೊಳಗೆ ಚೆಂಡು ನಡುಗೆರೆ ದಾಟಬೇಕು. ಇದಕ್ಕೆ ಕ್ಲಿಯರ್ ಅಂತ ಹೆಸರು. ಆಫ್‌ಸೈಡ್ ನಿಯಮದಿಂದಾಗಿ ನಮ್ಮ ಅರ್ಧದಲ್ಲಿ ಗೋಲಿ ಸೇರಿ ನಾವು ಏಳು ಜನ, ಅವರು ಆರೇ ಜನ. ಅಂದರೆ ಯಾರೋ ಒಬ್ಬ ಖಾಲಿ ನಿಂತಿರಲೇಬೇಕು. ಆದರೆ ನಮ್ಮ ಹುಡುಗನ ಕಣ್ಣು ಎಲ್ಲಿದೆ? ಚೆಂಡು ಬೀಳುತ್ತದೇನೋ ಅಂತ ತನ್ನ ಕೋಲಿನ ಬಲೆಯನ್ನೇ ನೋಡುತ್ತಿದ್ದಾನೆ. ಇಬ್ಬರು ಮೈಮೇಲೆ ಬಂದರು. ಗಾಬರಿಯಲ್ಲಿ ಎಸೆದ. ಚೆಂಡು ಗೆಳೆಯನ ತಲೆಯ ಮೇಲೆ ಹಾದು ಗೆರೆ ದಾಟಿತು. ಅವರಿಗೆ ಮತ್ತೆ ಚೆಂಡು, ನಮ್ಮ ಡಿಫೆನ್ಸ್‌ಗೆ ಉಸಿರಿಲ್ಲ, ಮೂವತ್ತು ಸೆಕೆಂಡಿನಲ್ಲಿ ಗೋಲು. ಆ ಹದಿನೆಂಟರಲ್ಲಿ ಅರ್ಧಕ್ಕರ್ಧ ಹೀಗೇ ಆದವು.

ಇದಕ್ಕೆ ಮದ್ದು ಗೋಡೆ. ಜಿಮ್ಮಿನ ಹಿಂದಿನ ಇಟ್ಟಿಗೆ ಗೋಡೆಯಾದರೂ ಸರಿ, ಹುಡುಗರು ಕಿಟಕಿ ಒಡೆಯುವ ಭಯವಿಲ್ಲದೆ ಚೆಂಡು ಹೊಡೆಯುವ ಜಾಗ ಶಾಲೆಯಲ್ಲಿ ಇರಲೇಬೇಕು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ, ಗೋಡೆಗೆ ಎಸೆದು ಹಿಡಿಯುವುದು. ಬಲಗೈ ಎಷ್ಟೋ ಎಡಗೈಯೂ ಅಷ್ಟೇ. ಇದಕ್ಕೆ ಕೋಚ್ ಬೇಡ, ಕ್ಲಬ್ ಫೀಸು ಬೇಡ, ಮೈದಾನ ಬೇಡ. ಸಂಗೀತ ಕಲಿಯುವ ಮಕ್ಕಳು ಸರಳೆ ವರಸೆ ಹಾಡುವ ಹಾಗೆ, ಬೇಜಾರಾದರೂ ದಿನಾ ಮಾಡಬೇಕು. ಕೈಗೆ ಅಭ್ಯಾಸವಾದರೆ ಕಣ್ಣು ತಾನಾಗಿ ಮೇಲೇಳುತ್ತದೆ.

ಆಮೇಲೆ ನೆಲದ ಚೆಂಡು, ಅಂದರೆ ಗ್ರೌಂಡ್ ಬಾಲ್. ಚೆಂಡು ಕೆಳಗೆ ಬಿದ್ದಾಗ ಕೈಗಳೆರಡೂ ತಗ್ಗಿ, ಮೊಣಕಾಲು ಬಗ್ಗಿ, ಕೋಲನ್ನು ನೆಲಕ್ಕೆ ಚಪ್ಪಟೆಯಾಗಿಸಿ, ಓಡುತ್ತಲೇ ಎತ್ತಬೇಕು. ನಿಂತು ಕೋಲಿನಿಂದ ಚೆಂಡನ್ನು ಕೆದಕುವ ಹುಡುಗ ಪೆಟ್ಟು ತಿನ್ನುತ್ತಾನೆ, ಚೆಂಡೂ ಸಿಗುವುದಿಲ್ಲ. ಇಲ್ಲಿ ಪ್ರತಿಭೆಗಿಂತ ಮನಸ್ಸು ದೊಡ್ಡದು. ಹೊಸ ತಂಡ ಬಲಿಷ್ಠ ತಂಡವನ್ನು ಮೊದಲ ವರ್ಷದಲ್ಲೇ ಸರಿಗಟ್ಟಬಹುದಾದ ಜಾಗ ಇದೊಂದೇ.

ಮೂರನೆಯದು ಶಾಟ್‌ಗೆ ಬೆನ್ನು ಕಾಯುವುದು. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ನಿಯಮ ವಿಚಿತ್ರ ಅನಿಸುತ್ತದೆ: ಗೋಲಿನ ಕಡೆಗೆ ಹೊಡೆದ ಚೆಂಡು ತಪ್ಪಿ ಗೆರೆ ದಾಟಿದರೆ, ದಾಟಿದ ಕ್ಷಣದಲ್ಲಿ ಅದಕ್ಕೆ ಹತ್ತಿರ ಇದ್ದವನ ತಂಡಕ್ಕೇ ಚೆಂಡು ಸಿಗುತ್ತದೆ. ಗೋಲಿನ ಹಿಂದೆ ಒಬ್ಬ ಹುಡುಗ ಓಡಿದರೆ ತಪ್ಪಿದ ಶಾಟ್ ಕೂಡ ನಮ್ಮದೇ. ಜೆವಿಯ ಹೊಸ ಹುಡುಗನಿಗೂ ಇದನ್ನು ಒಂದೇ ದಿನದಲ್ಲಿ ಕಲಿಸಬಹುದು.

ಪ್ರತಿ ಪಂದ್ಯದಲ್ಲಿ ಒಬ್ಬ ಪೋಷಕರು ಪುಸ್ತಕ ಹಿಡಿದು ಮೂರೇ ಅಂಕಿ ಬರೆಯಲಿ: ಎಷ್ಟು ಕ್ಲಿಯರ್ ಪ್ರಯತ್ನ, ಎಷ್ಟು ದಾಟಿತು, ಎಷ್ಟು ನೆಲದ ಚೆಂಡು ಸಿಕ್ಕಿತು. ಹತ್ತರಲ್ಲಿ ನಾಲ್ಕು ದಾಟಿಸುತ್ತಿದ್ದ ತಂಡ ಏಳು ದಾಟಿಸಲು ಶುರು ಮಾಡಿದರೆ, ಪಂದ್ಯ ಇನ್ನೂ ಸೋಲುತ್ತಿದ್ದರೂ ಕೆಲಸ ಸರಿ ದಾರಿಯಲ್ಲಿದೆ. ಈ ಅಂಕಿಗಳನ್ನು ಹುಡುಗರಿಗೆ ತೋರಿಸಿ. ಸೋತ ಸೀಸನ್ನಿನಲ್ಲಿ ಹಿಡಿದುಕೊಳ್ಳಲು ಅವರಿಗೆ ಏನಾದರೂ ಬೇಕಲ್ವಾ?

ಗೋಲಿಯ ಬಗ್ಗೆ ಬೇರೆಯಾಗಿ ಹೇಳಬೇಕು. ಹುಡುಕಲು ಎಲ್ಲಕ್ಕಿಂತ ಕಷ್ಟವಾದ ಜಾಗ ಇದು. ಚೆಂಡು ಬಂದಾಗ ಮನುಷ್ಯ ಹಿಂದೆ ಸರಿಯುವುದು ಸಹಜ, ಗೋಲಿ ಮುಂದೆ ಹೆಜ್ಜೆ ಇಡಬೇಕು. ಎಂಟು, ಒಂಬತ್ತನೇ ಕ್ಲಾಸಿನಲ್ಲೇ ಇಬ್ಬರನ್ನು ತಯಾರು ಮಾಡಿ. ಮೊದಲು ಟೆನಿಸ್ ಚೆಂಡು. ಆಮೇಲೆ ನಿಧಾನದ ಶಾಟ್. ತಂಡದ ದೊಡ್ಡ ಹುಡುಗರು ತಮಾಷೆಗೆ ಅವನ ಮೇಲೆ ಪೂರ್ತಿ ಬಲ ಹಾಕಿ ಹೊಡೆಯುವುದನ್ನು ಮೊದಲ ದಿನವೇ ನಿಲ್ಲಿಸಿ. ಹೆದರಿದ ಗೋಲಿ ಮತ್ತೆ ಧೈರ್ಯ ತಂದುಕೊಳ್ಳಲು ತಿಂಗಳುಗಳು ಬೇಕು. ಗೋಲಿಗೆ ಅಂತಲೇ ಒಬ್ಬ ಕೋಚ್ ವಾರಕ್ಕೆ ಒಂದು ದಿನ ಬಂದರೂ ದುಡ್ಡು ಸಾರ್ಥಕ.

ಈ ಆಟ ಎಲ್ಲಿಂದ ಬಂತು ಅಂತಲೂ ಹುಡುಗರಿಗೆ ಹೇಳಿ. ಹೋಡಿನೊಶೋನಿ ಮತ್ತು ಉತ್ತರ ಅಮೆರಿಕದ ಇತರ ಮೂಲನಿವಾಸಿಗಳ ಆಟ ಇದು, ಅವರಿಗೆ ಸೃಷ್ಟಿಕರ್ತ ಕೊಟ್ಟ ಆಟ. ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬೀಯರ್ಸ್ 1867ರಲ್ಲಿ ನಿಯಮ ಬರೆದದ್ದು ಬಹಳ ಆಮೇಲೆ. ಕೋಲನ್ನು ನೆಲಕ್ಕೆ ಬಿಸಾಡುವ ಹುಡುಗನಿಗೆ ಇದು ತಿಳಿದಿರಬೇಕು.

ಹೆಜ್ಜೆ 6: ಯಾರ ಜೊತೆ ಆಡಬೇಕು ಅಂತ ನೀವೇ ತೀರ್ಮಾನಿಸಿ

ತಂಡಗಳು ಮುರಿಯುವುದು ಹೆಚ್ಚಾಗಿ ಇಲ್ಲಿ. ಖಾಸಗಿ ಶಾಲೆಗಳ ಹಳೆಯ ಲೀಗುಗಳು ದೇಶದಲ್ಲೇ ಅತಿ ಗಟ್ಟಿ. ಫಿಲಡೆಲ್ಫಿಯಾ ಸುತ್ತಿನ ಇಂಟರ್-ಅಕ್ ಲೀಗ್, ವಾಷಿಂಗ್ಟನ್ ಸುತ್ತಿನ ಐಎಸಿ, ಬಾಲ್ಟಿಮೋರಿನ ಎಂಐಎಎ, ಇವೆಲ್ಲ ಕಾಲೇಜು ತಂಡಗಳಿಗೆ ಆಟಗಾರರನ್ನು ಬೆಳೆಸುವ ಜಾಗಗಳು. ಬಾಲ್ಟಿಮೋರ್ ಹತ್ತಿರದ ಮೆಕ್‌ಡೊನೊ ಶಾಲೆಯ ಹುಡುಗಿಯರ ತಂಡ 2009ರಿಂದ 2018ರವರೆಗೆ ಸತತ 198 ಪಂದ್ಯ ಗೆದ್ದಿತು. ಬಾಸ್ಕೆಟ್‌ಬಾಲಿಗೂ ಸಾಕರ್‌ಗೂ ನಿಮ್ಮ ಶಾಲೆ ಇಂಥ ಲೀಗಿನಲ್ಲಿದೆ ಅಂದುಕೊಳ್ಳಿ. ಹೊಸ ಲ್ಯಾಕ್ರೋಸ್ ತಂಡವೂ ಮೊದಲ ದಿನದಿಂದಲೇ ಅಲ್ಲೇ ಆಡಬೇಕು ಅಂತ ಶಾಲೆ ಹೇಳುತ್ತದೆ. ಆಗ ತಂಡ ಒಂದೇ ವರ್ಷಕ್ಕೆ ಕುಸಿಯುತ್ತದೆ.

ಎಂಐಎಎಯಲ್ಲಿ ಎ, ಬಿ, ಸಿ ಅಂತ ಹಂತಗಳಿವೆ. ನಿಮ್ಮ ಲೀಗಿನಲ್ಲೂ ಇಂಥ ಹಂತ ಇದ್ದರೆ ಕೆಳಗಿನದನ್ನು ಕೇಳಿ ಪಡೆಯಿರಿ, ಮರ್ಯಾದೆಯ ಪ್ರಶ್ನೆ ಮಾಡಬೇಡಿ. ಇಲ್ಲದಿದ್ದರೆ ಮೊದಲ ವರ್ಷ ಜೆವಿ ಪಂದ್ಯ ಮಾತ್ರ ಆಡಿ. ಕೆಲವು ರಾಜ್ಯಗಳಲ್ಲಿ ಏರ್ಪಾಡೇ ಬೇರೆ. ಟೆಕ್ಸಾಸಿನಲ್ಲಿ ಸರ್ಕಾರಿ ಶಾಲೆಗಳ ಕ್ರೀಡೆ ನಡೆಸುವ ಯುಐಎಲ್ ಲ್ಯಾಕ್ರೋಸನ್ನು ತನ್ನ ಪಟ್ಟಿಗೆ ಸೇರಿಸಿಲ್ಲ, ಅಲ್ಲಿ ಶಾಲೆಗಳ ತಂಡಗಳು ಟೆಕ್ಸಾಸ್ ಹೈಸ್ಕೂಲ್ ಲ್ಯಾಕ್ರೋಸ್ ಲೀಗಿನಲ್ಲಿ ಆಡುತ್ತವೆ. ಮೊದಲು ನಿಮ್ಮ ರಾಜ್ಯದ ಪರಿಸ್ಥಿತಿ ತಿಳಿದುಕೊಳ್ಳಿ.

ವೇಳಾಪಟ್ಟಿ ಮಾಡುವಾಗ ಮೂರು ಪಾಲು ಮಾಡಿ. ಒಂದು ಪಾಲು ಗೆಲ್ಲುವ ಪಂದ್ಯಗಳು, ಒಂದು ಪಾಲು ಐವತ್ತು ಐವತ್ತು, ಇನ್ನೊಂದು ಪಾಲು ಬಹುಶಃ ಸೋಲುವ ಆದರೆ ಕಲಿಯುವ ಪಂದ್ಯಗಳು. ಹೇಳಿದಷ್ಟು ಸುಲಭವಲ್ಲ. ಬಲಿಷ್ಠ ತಂಡಕ್ಕೆ ನಿಮ್ಮ ಜೊತೆ ಆಡಿ ಏನೂ ಲಾಭವಿಲ್ಲ. ದುರ್ಬಲ ತಂಡಕ್ಕೆ ನೀವು ಸ್ವಲ್ಪ ಮೇಲೆ ಬಂದ ಕೂಡಲೇ ಭಯ. ನಡುವಿನ ತಂಡಗಳ ಅಥ್ಲೆಟಿಕ್ ಡೈರೆಕ್ಟರ್‌ಗಳಿಗೆ ಒಂದು ವರ್ಷ ಮೊದಲೇ ಫೋನ್ ಮಾಡಿ, ಈ ವರ್ಷ ನಿಮ್ಮಲ್ಲಿ ಮುಂದಿನ ವರ್ಷ ನಮ್ಮಲ್ಲಿ ಅಂತ ಎರಡು ವರ್ಷದ ಒಪ್ಪಂದ ಮಾಡಿಕೊಳ್ಳಿ. ಊರು ದೂರವಾದರೂ ಪರವಾಗಿಲ್ಲ. ಎರಡು ಗಂಟೆ ಬಸ್ಸಿನಲ್ಲಿ ಹೋಗಿ ಸರಿಸಮ ತಂಡದ ಜೊತೆ 9-8ರಲ್ಲಿ ಸೋತ ಹುಡುಗರು ವಾಪಸ್ ಬರುವಾಗ ಮಾತಾಡುವುದೇ ಬೇರೆ.

ಹುಡುಗರ ಹೈಸ್ಕೂಲ್ ಆಟದಲ್ಲಿ ಎರಡನೇ ಅರ್ಧದಲ್ಲಿ ಅಂತರ ಹನ್ನೆರಡು ಗೋಲಿಗೆ ಹೋದರೆ ಗಡಿಯಾರ ನಿಲ್ಲಿಸದೆ ಓಡಿಸುತ್ತಾರೆ. ಸೀಸನ್ನಿನಲ್ಲಿ ಇದು ಮತ್ತೆ ಮತ್ತೆ ಆಗುತ್ತಿದ್ದರೆ ತಪ್ಪು ಹುಡುಗರದಲ್ಲ, ವೇಳಾಪಟ್ಟಿ ಮಾಡಿದ ದೊಡ್ಡವರದು. ಅಂಪೈರ್‌ಗಳನ್ನೂ ಬೇಗ ಗೊತ್ತುಮಾಡಿ, ಅವರ ಕೊರತೆ ಎಲ್ಲ ಕಡೆ ಇದೆ. ಇರುವವರು ಓಡಿಹೋಗದಂತೆ ಗ್ಯಾಲರಿಯಲ್ಲಿ ಕೂತವರ ಬಾಯಿಗೂ ಲಗಾಮು ಇರಲಿ.

ಹೆಜ್ಜೆ 7: ಕಾಲೇಜಿನ ಆಸೆ

ನಮ್ಮವರ ಮೊದಲ ಪ್ರಶ್ನೆ ಇದೇ: ಇದರಿಂದ ಕಾಲೇಜ್ ಸೀಟ್ ಸಿಗುತ್ತಾ? ನೇರವಾಗಿ ಹೇಳುತ್ತೇನೆ. ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಹುಡುಗರ ಲ್ಯಾಕ್ರೋಸ್ ಇರುವ ಕಾಲೇಜುಗಳು ಎಪ್ಪತ್ತು ಚಿಲ್ಲರೆ. ಡಿವಿಷನ್ 3ರಲ್ಲಿ ಇನ್ನೂರಕ್ಕೂ ಹೆಚ್ಚು ಇವೆ, ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ. ಐವಿ ಲೀಗ್ ಕಾಲೇಜುಗಳೂ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಆದರೆ ಕೋಚ್ ಬಯಸಿದ ಹುಡುಗನಿಗೆ ಅಡ್ಮಿಷನ್ನಿನಲ್ಲಿ ಅನುಕೂಲವಾಗುವುದುಂಟು. ಡಿವಿಷನ್ 1 ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರ ಮೊದಲು ಹುಡುಗರ ಜೊತೆ ತಂಡಕ್ಕೆ ಸೇರಿಸಿಕೊಳ್ಳುವ ಮಾತು ಆಡುವ ಹಾಗಿಲ್ಲ. ಈ ನಿಯಮ 2017ರಲ್ಲಿ ಬಂತು. ಅದಕ್ಕೂ ಮೊದಲು ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳೇ ಕಾಲೇಜಿಗೆ ಮಾತು ಕೊಡುತ್ತಿದ್ದರು. ಈಗ ಒಂಬತ್ತನೇ ಕ್ಲಾಸಿನ ಹುಡುಗನನ್ನು ತೋರಿಸಲು ಊರೂರು ಸುತ್ತುವ ಅವಸರ ಬೇಡ. ಓದು ಕಾಯ್ದುಕೊಳ್ಳಲಿ. ಪ್ರತಿ ಆಗಸ್ಟಿನಲ್ಲಿ ಕೋಚ್ ಪ್ರತಿ ಕುಟುಂಬದ ಜೊತೆ ಹತ್ತು ನಿಮಿಷ ಕೂತು, ಹುಡುಗನ ಮಟ್ಟ ಎಲ್ಲಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳಬೇಕು. ಸುಳ್ಳು ಆಸೆ ಹುಟ್ಟಿಸಿದ ತಂಡದಲ್ಲಿ ಹನ್ನೊಂದನೇ ಕ್ಲಾಸಿಗೆ ಬಂದ ಹುಡುಗರು ಬೇರೆ ಶಾಲೆ ಹುಡುಕುತ್ತಾರೆ.

ಒಂದು ಕ್ಲಾಸ್ ಮತ್ತೆ ಓದಿಸಿ, ವಯಸ್ಸು ಮೈಕಟ್ಟು ಬೆಳೆಸಿ ಆಡಿಸುವ ಪದ್ಧತಿಯೂ ಖಾಸಗಿ ಶಾಲೆಗಳಲ್ಲಿ ಇದೆ. ರೀಕ್ಲಾಸ್ ಅನ್ನುತ್ತಾರೆ. ಓದಿಗೆ ಬೇಕಿದ್ದರೆ ಮಾಡಿ, ಆಟಕ್ಕಾಗಿ ಅಂತ ಕೋಚ್ ಸಲಹೆ ಕೊಟ್ಟರೆ ಒಪ್ಪಬೇಡಿ. ಒಂದು ವರ್ಷದ ಖಾಸಗಿ ಶಾಲೆಯ ಫೀಸು ಎಷ್ಟು ಅಂತ ನಿಮಗೇ ಗೊತ್ತು.

ಹೆಜ್ಜೆ 8: ಮೇಲಿನ ಹಂತಕ್ಕೆ ಯಾವಾಗ?

ನಾಲ್ಕೈದು ವರ್ಷ ಕಳೆದ ಮೇಲೆ ತಂಡ ಗೆಲ್ಲಲು ಶುರು ಮಾಡುತ್ತದೆ. ಆಗ ಹಳೇ ವಿದ್ಯಾರ್ಥಿಗಳು, ದುಡ್ಡು ಕೊಟ್ಟವರು, ಹೆಡ್‌ಮಾಸ್ಟರ್ ಎಲ್ಲರೂ ಮೇಲಿನ ಲೀಗಿಗೆ ಹೋಗೋಣ ಅನ್ನುತ್ತಾರೆ. ಆ ವರ್ಷದ ಗೆಲುವು ಸೋಲಿನ ಪಟ್ಟಿ ನೋಡಿ ತೀರ್ಮಾನ ಮಾಡಬೇಡಿ. ಒಂದು ಒಳ್ಳೆಯ ಬ್ಯಾಚ್ ಬಂದರೆ ಯಾವ ತಂಡವೂ ಗೆಲ್ಲುತ್ತದೆ, ಅವರು ಪಾಸಾಗಿ ಹೋದ ಮೇಲೆ ಉಳಿಯುವುದು ಏನು ಅಂತ ನೋಡಿ. ಜೆವಿಯಲ್ಲೇ ಇಪ್ಪತ್ತು ಹುಡುಗರಿದ್ದಾರಾ? ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಗೋಲಿ ಬೆಳೆಯುತ್ತಿದ್ದಾನಾ? ಏಳನೇ ಕ್ಲಾಸಿನ ಮಕ್ಕಳು ಸಂಜೆ ಗೋಡೆಯ ಹತ್ತಿರ ಸಾಲು ನಿಲ್ಲುತ್ತಿದ್ದಾರಾ? ಜೆವಿ ಕೋಚ್ ಮೂರು ವರ್ಷದಿಂದ ಅದೇ ವ್ಯಕ್ತಿಯಾ? ಈ ನಾಲ್ಕಕ್ಕೂ ಹೌದು ಅಂತ ಉತ್ತರ ಬರುವ ತನಕ, ಕೇಳಿದವರು ಯಾರೇ ಆಗಿರಲಿ, ಈ ವರ್ಷ ಬೇಡ ಅಂತ ಹೇಳಿ.